ತಪ್ಪು ನಾಬ್ ತಿರುಗಿಸಿದರೆ ತಪ್ಪು ಯಾರದ್ದು?

ಪ್ರಶ್ನೆ: ನಾನು ತಕ್ಕಮಟ್ಟಿಗೆ ಓದಿದವಳು. ಯಂತ್ರಗಳೆಂದರೆ ಭಯವೂ ಇಲ್ಲ. ಆದರೂ ಸಣ್ಣಪುಟ್ಟ ವಸ್ತುಗಳ ಮುಂದೆ ದಿನಾ ಪೆದ್ದಿಯಾಗುತ್ತೇನೆ. ಆಫೀಸಿನ ಗಾಜಿನ ಬಾಗಿಲನ್ನು ತಳ್ಳಬೇಕಾದಾಗ ಎಳೆಯುತ್ತೇನೆ. ನಾಲ್ಕು ಬರ್ನರ್‌ನ ಒಲೆಯಲ್ಲಿ ಇವತ್ತಿಗೂ ತಪ್ಪು ನಾಬ್ ತಿರುಗಿಸುತ್ತೇನೆ. ಒಂದು ಆ್ಯಪ್‌ಗೆ ಚಂದಾದಾರಳಾಗಲು ಒಂದು ನಿಮಿಷ ಸಾಕಾಯಿತು, ಅದನ್ನು ನಿಲ್ಲಿಸಲು ಒಂದು ಸಂಜೆಯೇ ಹೋಯಿತು. ಮನೆಯವರು ‘ನಿನಗೆ ಗಮನ ಸಾಲದು’ ಅನ್ನುತ್ತಾರೆ. ತಪ್ಪು ನಿಜಕ್ಕೂ ನನ್ನದಾ? ಇವನ್ನೆಲ್ಲ ಮಾಡುವವರು ಒಮ್ಮೆಯಾದರೂ ಬಳಸಿ ನೋಡುವುದಿಲ್ಲವಾ? ಅಥವಾ ಬೇಕಂತಲೇ ಹೀಗೆ ಮಾಡುತ್ತಾರಾ? ಕೊಳ್ಳುವಾಗ ಏನನ್ನು ನೋಡಿದರೆ ಈ ಕಾಟ ತಪ್ಪುತ್ತದೆ?

ಉತ್ತರ: ಮೊದಲನೆಯದಕ್ಕೆ ಈಗಲೇ ಉತ್ತರ ಕೊಟ್ಟುಬಿಡುತ್ತೇನೆ. ಇಲ್ಲ, ತಪ್ಪು ನಿಮ್ಮದಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನೀವು ಹೇಳಿದ ಒಲೆಯ ತೊಂದರೆಯನ್ನು ಲ್ಯಾಬಿನಲ್ಲಿಟ್ಟು ಅಳೆದು ಅರವತ್ತು ವರ್ಷಕ್ಕೂ ಜಾಸ್ತಿ ಆಯಿತು.

ಆ ಕಥೆ ಹೀಗಿದೆ. ನಾಲ್ಕು ಬರ್ನರ್‌ಗಳು ಚೌಕವಾಗಿ ಕೂತಿರುತ್ತವೆ. ನಾಲ್ಕು ನಾಬ್‌ಗಳು ಮುಂದೆ ಒಂದೇ ಸಾಲಿನಲ್ಲಿರುತ್ತವೆ. ಯಾವ ನಾಬ್ ಯಾವ ಬರ್ನರ್‌ಗೆ? ಲೆಕ್ಕ ಹಾಕಿದರೆ ಅವನ್ನು 24 ಬಗೆಯಲ್ಲಿ ಜೋಡಿಸಬಹುದು. ಎಡಗಡೆಯ ಎರಡು ನಾಬ್ ಎಡಗಡೆಯ ಎರಡು ಬರ್ನರ್‌ಗೇ ಸೇರಿದ್ದು ಅಂತ ಮೊದಲೇ ಗೊತ್ತಿದ್ದರೂ ನಾಲ್ಕು ಸಾಧ್ಯತೆ ಉಳಿಯುತ್ತವೆ. ನೋಡಿದರೆ ತಿಳಿಯುವಂಥದ್ದು ಅಲ್ಲಿ ಏನೂ ಇಲ್ಲ. ನೆನಪಿಟ್ಟುಕೊಳ್ಳಬೇಕು, ಇಲ್ಲವೇ ಪ್ರತಿ ಸಲ ಬಗ್ಗಿ ಆ ಪುಟ್ಟ ಚುಕ್ಕೆಗಳ ಚಿತ್ರ ನೋಡಬೇಕು. ಆ ಚಿತ್ರವೋ, ಉಜ್ಜಿ ಉಜ್ಜಿ ಒಂದೆರಡು ವರ್ಷದಲ್ಲಿ ಅಳಿಸಿಹೋಗಿರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಮತ್ತು ಅವರ ಜೊತೆಗಾರ ಲಿಂಡೆನ್‌ಬಾಮ್ 1959ರಲ್ಲಿ ಇದರ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿದರು. ನಾಲ್ಕು ಬಗೆಯ ಜೋಡಣೆ ಮಾಡಿ, ಜನರನ್ನು ಕೂರಿಸಿ, ಈ ಬರ್ನರ್‌ನ ನಾಬ್ ಯಾವುದು ಅಂತ ಕೇಳಿದರು. ಚೌಕದ ಜೋಡಣೆಗಳಲ್ಲೆಲ್ಲ ಜನ ತಪ್ಪು ಮಾಡಿದರು. ಒಂದರಲ್ಲಿ ಮಾತ್ರ ಯಾರೂ ತಪ್ಪು ಮಾಡಲಿಲ್ಲ. ಅದರಲ್ಲಿ ಹಿಂದಿನ ಬರ್ನರ್‌ಗಳನ್ನು ಮುಂದಿನವುಗಳ ನೇರಕ್ಕೆ ಇಡದೆ ಸ್ವಲ್ಪ ಪಕ್ಕಕ್ಕೆ ಸರಿಸಿದ್ದರು, ಅಷ್ಟೆ. ಎಡದಿಂದ ಬಲಕ್ಕೆ ನೋಡಿದರೆ ಬರ್ನರ್‌ಗಳ ಸಾಲೂ ನಾಬ್‌ಗಳ ಸಾಲೂ ಒಂದೇ. ಚಿತ್ರ ಬೇಡ, ಸೂಚನೆ ಬೇಡ, ಗಮನವೂ ಬೇಡ.

ಹಾಗಾದರೆ ಅಂಗಡಿಯಲ್ಲಿ ಇವತ್ತಿಗೂ ಸಿಗುವ ಹೆಚ್ಚಿನ ಒಲೆಗಳು ಯಾಕೆ ಹೀಗಿವೆ? ಚೌಕವಾಗಿ ಜೋಡಿಸಿದರೆ ಅಗಲ ಕಡಿಮೆ ಸಾಕು. ನಾಬ್‌ಗಳನ್ನು ಒಂದೇ ಸಾಲಿನಲ್ಲಿಟ್ಟರೆ ಒಳಗಿನ ಕೊಳವೆ ಕೂಡಿಸುವುದು ಸುಲಭ. ನೋಡಲೂ ಅಚ್ಚುಕಟ್ಟು. ಎಲ್ಲಕ್ಕಿಂತ ಮುಖ್ಯವಾಗಿ, ಅಂಗಡಿಯಲ್ಲಿ ಯಾರೂ ಒಲೆ ಹಚ್ಚಿ ನೋಡುವುದಿಲ್ಲ. ಗಾಜು ಎಷ್ಟು ದಪ್ಪ, ಬಣ್ಣ ಹೇಗಿದೆ, ವಾರಂಟಿ ಎಷ್ಟು ವರ್ಷ ಅಂತ ಕೇಳಿ ದುಡ್ಡು ಕೊಟ್ಟು ಬರುತ್ತೇವೆ. ತಪ್ಪು ನಾಬ್ ತಿರುಗಿಸುವುದು ಮನೆಗೆ ಬಂದ ಮೇಲೆ. ಅಷ್ಟು ಹೊತ್ತಿಗೆ ಕಂಪನಿಗೆ ಬರಬೇಕಾದ ದುಡ್ಡು ಬಂದಾಗಿದೆ.

ನಿಮ್ಮ ಮಿಕ್ಕ ಪ್ರಶ್ನೆಗಳಿಗೂ ನನ್ನ ಉತ್ತರದ ತಿರುಳು ಇದೇ. ವಸ್ತು ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನವಾಗುವುದು ಕೊಳ್ಳುವ ಗಳಿಗೆಯಲ್ಲಿ. ಕಾಟ ಶುರುವಾಗುವುದು ಬಳಸುವ ಗಳಿಗೆಯಲ್ಲಿ. ಈ ಎರಡರ ನಡುವಿನ ದೂರ ಹೆಚ್ಚಿದಷ್ಟೂ ವಸ್ತು ಕೆಡುತ್ತದೆ. ಕೊಳ್ಳುವವರೇ ಬೇರೆ, ಬಳಸುವವರೇ ಬೇರೆ ಆಗಿಬಿಟ್ಟರಂತೂ ಕೇಳುವುದೇ ಬೇಡ.

ನಿಮ್ಮ ಆಫೀಸಿನ ಬಾಗಿಲು ಇದಕ್ಕೆ ಒಳ್ಳೆಯ ಸಾಕ್ಷಿ. ಅದನ್ನು ಆರಿಸಿದ್ದು ವಾಸ್ತುಶಿಲ್ಪಿ. ದುಡ್ಡು ಕೊಟ್ಟದ್ದು ಕಟ್ಟಡದ ಮಾಲೀಕರು. ಎಳೆದು ಪೇಚಿಗೆ ಸಿಕ್ಕುವವರು ನೀವು. ಎರಡೂ ಬದಿಗೆ ಒಂದೇ ಥರದ ಉದ್ದನೆಯ ಸ್ಟೀಲ್ ಹಿಡಿ ಹಾಕಿದರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ತರಿಸುವುದೂ ಸಲೀಸು. ಆದರೆ ಹಿಡಿ ಕಂಡರೆ ಕೈ ಎಳೆಯಲು ಹೋಗುತ್ತದೆ. ಅದು ಕೈಯ ಸ್ವಭಾವ. ತಳ್ಳುವ ಬದಿಗೆ ಚಪ್ಪಟೆ ತಗಡೊಂದನ್ನು ಬಡಿದಿದ್ದರೆ ಎಳೆಯೋಣ ಅಂದರೂ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ‘ತಳ್ಳಿ’ ಅಂತ ಬರೆದು ಅಂಟಿಸಿದ ಬಾಗಿಲು ಕಂಡರೆ ಅಲ್ಲಿ ಈಗಾಗಲೇ ತುಂಬ ಜನ ಎಳೆದಿದ್ದಾರೆ ಅಂತ ಅರ್ಥ. ಬಾಗಿಲಿಗೂ ಬಳಕೆಯ ಸೂಚನೆ ಬೇಕಾಯಿತು ಅಂದರೆ ಏನು ಹೇಳೋದು! ಇಂಥ ಬಾಗಿಲುಗಳ ಬಗ್ಗೆ 1980ರ ದಶಕದಲ್ಲೇ ವಿವರವಾಗಿ ಬರೆದವರು ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್. ವಿನ್ಯಾಸದವರು ಇವತ್ತಿಗೂ ಇವನ್ನು ‘ನಾರ್ಮನ್ ಬಾಗಿಲು’ ಅಂತಲೇ ಕರೆಯುತ್ತಾರೆ. ಬಾಗಿಲು ಮಾಡುವವರಿಗೆ ಇದು ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದರೂ, ಸರಿಯಾಗಿ ಮಾಡುವಂತೆ ಯಾರೂ ಅವರನ್ನು ಒತ್ತಾಯಿಸುವುದಿಲ್ಲ.

‘ಗಮನ ಸಾಲದು’ ಎಂಬ ಮಾತಿಗೆ ಮತ್ತೆ ಬರುತ್ತೇನೆ. ಅದು ನನ್ನನ್ನು ರೇಗಿಸುವ ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳ ಪೈಲಟ್‌ಗಳಿಗೂ ಇದನ್ನೇ ಹೇಳಿದ್ದರು. ವಿಮಾನ ಸುರಕ್ಷಿತವಾಗಿ ಇಳಿಯುತ್ತಿತ್ತು. ನೆಲ ಮುಟ್ಟಿದ ಮೇಲೆ ಪೈಲಟ್ ರೆಕ್ಕೆಯ ಅಂಚಿನಲ್ಲಿರುವ ಫ್ಲ್ಯಾಪ್ ಎಂಬ ಹಲಗೆಗಳನ್ನು ಮಡಚಲು ಹೋಗಿ ಗಾಲಿಗಳನ್ನೇ ಮಡಚಿಬಿಡುತ್ತಿದ್ದ. ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಇದನ್ನು ಪರಿಶೀಲಿಸಲು ಹೋದವರು ಒಲೆಯ ಪ್ರಯೋಗ ಮಾಡಿದ ಅದೇ ಚಪಾನಿಸ್. ಹೋಗಿ ನೋಡಿದರೆ ಎರಡೂ ಸ್ವಿಚ್‌ಗಳು ಒಂದೇ ಆಕಾರದವು, ಅಕ್ಕಪಕ್ಕದಲ್ಲೇ ಇದ್ದವು. ಅವರು ಗಾಲಿಯದ್ದಕ್ಕೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪ್‌ನದ್ದಕ್ಕೆ ಬೆಣೆಯಾಕಾರದ ತುಂಡು ಕೂಡಿಸಿ ಅಂದರು. ಕೈಗೇ ಗೊತ್ತಾಗತೊಡಗಿತು. ಆ ಕಾಯಿಲೆ ಅಲ್ಲಿಗೆ ವಾಸಿಯಾಯಿತು. ದೊಡ್ಡ ವಿಮಾನಗಳಲ್ಲಿ ಗಾಲಿಯ ಲಿವರ್‌ನ ತುದಿ ಚಕ್ರದ ಆಕಾರದಲ್ಲೇ ಇರಬೇಕು ಅಂತ ಅಮೆರಿಕದ ನಿಯಮ ಇವತ್ತಿಗೂ ಹೇಳುತ್ತದೆ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬಿಬ್ಬರು ‘ಪೈಲಟ್ ತಪ್ಪು’ ಅನ್ನಿಸಿಕೊಂಡ ಇಂಥ 460 ಘಟನೆಗಳನ್ನು ಕಲೆಹಾಕಿ ವಿಂಗಡಿಸಿದರು. ದೊಡ್ಡ ಪಾಲು ಒಂದು ಲಿವರ್ ಅನ್ನು ಇನ್ನೊಂದು ಅಂದುಕೊಂಡದ್ದು. ಒಬ್ಬ ಪೈಲಟ್ ಎಡವಿದರೆ ಅವನ ಗಮನ ಪ್ರಶ್ನಿಸಬಹುದು. ಒಂದೇ ಜಾಗದಲ್ಲಿ ಸಾಲಾಗಿ ಜನ ಎಡವುತ್ತಿದ್ದರೆ ನೆಲ ನೋಡಬೇಕು, ಅಲ್ವಾ? ನಿಮ್ಮ ಮನೆಯವರನ್ನೂ ಆ ಒಲೆಯ ಮುಂದೆ ನಿಲ್ಲಿಸಿ, ಅವರು ಬೇರೇನೋ ಮಾತಾಡುತ್ತಿರುವಾಗ ಹಿಂದಿನ ಬಲಗಡೆಯ ಬರ್ನರ್ ಹಚ್ಚಲು ಹೇಳಿ ನೋಡಿ.

ಈಗ ಎರಡನೇ ಪ್ರಶ್ನೆ. ಮಾಡುವವರು ಬಳಸಿ ನೋಡುವುದಿಲ್ಲವಾ? ನೋಡುತ್ತಾರೆ. ಆದರೆ ಯಾರು ನೋಡುತ್ತಾರೆ, ಎಲ್ಲಿ ನೋಡುತ್ತಾರೆ ಅನ್ನುವುದರಲ್ಲಿ ಎಡವಟ್ಟಿದೆ. ವಸ್ತುವನ್ನು ಮಾಡಿದ ಎಂಜಿನಿಯರ್‌ಗೆ ಅದರ ಒಳಗು ಹೊರಗು ಗೊತ್ತು. ಅವರಿಗೆ ಅದು ಎಂದೂ ಗೊಂದಲ ಅನ್ನಿಸುವುದಿಲ್ಲ. ಪರೀಕ್ಷೆ ನಡೆಯುವುದು ಒಳ್ಳೆ ಬೆಳಕಿರುವ ಕೋಣೆಯಲ್ಲಿ, ಒಣಗಿದ ಕೈಯಲ್ಲಿ, ಕನ್ನಡಕ ಹಾಕಿಕೊಂಡು. ಬಳಕೆ ನಡೆಯುವುದು ನಡುರಾತ್ರಿ, ಸೋಪಿನ ಕೈಯಲ್ಲಿ, ಕಂಕುಳಲ್ಲಿ ಮಗುವನ್ನಿಟ್ಟುಕೊಂಡು. ಶಾಂಪೂ, ಕಂಡಿಷನರ್ ಬಾಟಲಿಗಳು ಒಂದೇ ಬಣ್ಣ, ಒಂದೇ ಆಕಾರದಲ್ಲಿರುತ್ತವಲ್ಲ, ಅವನ್ನು ಒಪ್ಪಿದವರು ಕನ್ನಡಕ ತೆಗೆದಿಟ್ಟು ಒದ್ದೆ ಕಣ್ಣಿನಲ್ಲಿ ನೋಡಿರಲಾರರು. ಟಿವಿ ರಿಮೋಟ್‌ನ ಕಪ್ಪು ಮೈ ಮೇಲಿನ ಕಪ್ಪು ಬಟನ್‌ಗಳದ್ದೂ ಅದೇ ಕಥೆ. ಟಿವಿಯನ್ನು ಕತ್ತಲಲ್ಲೂ ನೋಡುತ್ತಾರೆ ಅನ್ನುವುದು ಗುಟ್ಟೇನಲ್ಲ.

ಪರೀಕ್ಷೆಗೆ ಯಾರನ್ನು ಕೂರಿಸುತ್ತಾರೆ ಅನ್ನುವುದು ಎಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಔಷಧಿ ಡಬ್ಬಿಯ ಮುಚ್ಚಳ ನೋಡಿ. ಒತ್ತಿ ತಿರುಗಿಸಬೇಕಲ್ಲ, ಆ ಥರದ್ದು. ಮಕ್ಕಳು ಮಾತ್ರೆ ನುಂಗಿ ಸಾಯುವುದನ್ನು ತಡೆಯಲು ಬಂದದ್ದು ಅದು. ಅಮೆರಿಕದಲ್ಲಿ ಅದಕ್ಕಾಗಿ 1970ರಲ್ಲಿ ಕಾನೂನೇ ಆಯಿತು. ಆ ಮುಚ್ಚಳ ಎಷ್ಟೋ ಮಕ್ಕಳ ಜೀವ ಉಳಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಮಕ್ಕಳಿಗೆ ತೆಗೆಯಲು ಆಗಬಾರದು, ದೊಡ್ಡವರಿಗೆ ಆಗಬೇಕು ಅಂತ ಎರಡು ಪರೀಕ್ಷೆ ಇಟ್ಟರು. ಆದರೆ ‘ದೊಡ್ಡವರು’ ಅಂತ ಕೂರಿಸಿದ್ದು 18ರಿಂದ 45 ವರ್ಷದವರನ್ನು. ಮಾತ್ರೆ ಜಾಸ್ತಿ ನುಂಗುವವರು ಯಾರು? ಗಂಟು ನೋವಿರುವ ಅಜ್ಜ ಅಜ್ಜಿಯರು. ಅವರ ಕೈಯಲ್ಲಿ ಮುಚ್ಚಳ ತೆಗೆಯಲಾಗುತ್ತಿರಲಿಲ್ಲ. ಒಮ್ಮೆ ಹೇಗೋ ತೆಗೆದರೆ ಮತ್ತೆ ಮುಚ್ಚದೆ ಹಾಗೇ ಇಡುತ್ತಿದ್ದರು. ಮೊಮ್ಮಗು ಮನೆಗೆ ಬಂದಾಗ ಡಬ್ಬಿ ಬಾಯಿ ತೆರೆದುಕೊಂಡಿರುತ್ತಿತ್ತು. ಕೊನೆಗೆ 1995ರಲ್ಲಿ ನಿಯಮ ಬದಲಾಯಿತು. ಪರೀಕ್ಷೆಗೆ 50ರಿಂದ 70 ವರ್ಷದವರನ್ನು ಕೂರಿಸಬೇಕು ಅಂದರು. ಬಲ ಹಾಕಿ ಅಮುಕುವ ಮುಚ್ಚಳಗಳ ಬದಲು ಉಪಾಯದಿಂದ ತೆಗೆಯುವ ಮುಚ್ಚಳಗಳನ್ನು ಹುಡುಕುವುದು ಕಂಪನಿಗಳಿಗೆ ಅನಿವಾರ್ಯವಾಯಿತು. ಮುಚ್ಚಳ ಬದಲಾದದ್ದು ಪರೀಕ್ಷೆಯ ಕುರ್ಚಿಯಲ್ಲಿ ಕೂರುವವರು ಬದಲಾದ ಮೇಲೆ.

ಇದನ್ನೇ ಇನ್ನೊಂದು ತುದಿಯಿಂದ ಮಾಡಿ ಗೆದ್ದವರೂ ಇದ್ದಾರೆ. ಸ್ಯಾಮ್ ಫಾರ್ಬರ್ ಎಂಬ ಉದ್ಯಮಿಯ ಹೆಂಡತಿ ಬೆಟ್ಸಿಗೆ ಸಂಧಿವಾತ ಇತ್ತು. ಸಿಪ್ಪೆ ಹೆರೆಯುವ ಸಣ್ಣ ಲೋಹದ ಹಿಡಿ ಅವರ ಕೈಗೆ ಒತ್ತಿ ನೋಯುತ್ತಿತ್ತು. ಫಾರ್ಬರ್ 1990ರಲ್ಲಿ ದಪ್ಪ, ಮೆತ್ತನೆಯ ರಬ್ಬರ್ ಹಿಡಿಯ ಅಡುಗೆ ಸಲಕರಣೆಗಳನ್ನು ಆಕ್ಸೊ ಹೆಸರಲ್ಲಿ ಮಾರುಕಟ್ಟೆಗೆ ತಂದರು. ನೋವಿರುವವರು ಮಾತ್ರ ಕೊಳ್ಳುತ್ತಾರೆ ಅಂತ ಅಂದುಕೊಂಡಿದ್ದರೆ ಲೆಕ್ಕ ತಪ್ಪುತ್ತಿತ್ತು. ನೋವಿಲ್ಲದವರೂ ಅದನ್ನೇ ಹುಡುಕಿ ಕೊಂಡರು. ಒದ್ದೆ ಕೈಯಲ್ಲಿ ಜಾರದ ಹಿಡಿ ಯಾರಿಗೆ ಬೇಡ?

ಎಲ್ಲ ಕಾಟಕ್ಕೂ ಅಸಡ್ಡೆಯೇ ಕಾರಣ ಅಂದರೆ ಅನ್ಯಾಯವಾಗುತ್ತದೆ. ಕೆಲವು ಸಲ ತಿಳಿದೂ ತಿಳಿದೂ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾಗುತ್ತದೆ. ಹಳೆಯ ಯುಎಸ್‌ಬಿ ಪ್ಲಗ್ ನೆನಪಿದೆಯಾ? ಹಾಕಿದರೆ ಹೋಗುವುದಿಲ್ಲ. ತಿರುಗಿಸಿ ಹಾಕಿದರೂ ಹೋಗುವುದಿಲ್ಲ. ಮತ್ತೆ ತಿರುಗಿಸಿ ಮೊದಲಿನಂತೆ ಹಾಕಿದರೆ ಹೋಗುತ್ತದೆ. ಅದನ್ನು ರೂಪಿಸಿದ ತಂಡದ ಮುಂದಾಳು ಇಂಟೆಲ್ ಕಂಪನಿಯ ಅಜಯ್ ಭಟ್. ಎರಡೂ ಕಡೆಯಿಂದ ಹೋಗುವಂತೆ ಮಾಡಬಹುದಿತ್ತು, ಆದರೆ ತಂತಿಗಳೂ ಸರ್ಕ್ಯೂಟೂ ಎರಡರಷ್ಟು ಬೇಕಾಗಿ ಖರ್ಚು ಏರುತ್ತಿತ್ತು ಅಂತ ಅವರೇ ಆಮೇಲೆ ಹೇಳಿದ್ದಾರೆ. 1996ರಲ್ಲಿ ಯುಎಸ್‌ಬಿ ಬಂದಾಗ ಅದನ್ನು ಯಾರು ಬಳಸುತ್ತಾರೋ ಇಲ್ಲವೋ ಅನ್ನುವುದೇ ಖಾತ್ರಿ ಇರಲಿಲ್ಲ. ದುಬಾರಿಯಾಗಿದ್ದರೆ ಕಂಪ್ಯೂಟರ್ ಕಂಪನಿಗಳು ಮುಟ್ಟುತ್ತಲೇ ಇರಲಿಲ್ಲವೇನೋ. ಆ ಲೆಕ್ಕಾಚಾರವನ್ನು ನಾನು ಒಪ್ಪುತ್ತೇನೆ. ಆದರೆ ಸರಿ ಬದಿ ಯಾವುದು ಅಂತ ಬೆರಳಿಗೆ ತಿಳಿಯುವಂಥ ಆಕಾರ ಕೊಡಲು ಹೆಚ್ಚು ಖರ್ಚು ಇರಲಿಲ್ಲ. ಅದನ್ನು ಮಾಡದೆ ಬಿಟ್ಟದ್ದಕ್ಕೆ ಕ್ಷಮೆ ಇಲ್ಲ.

2014ರಲ್ಲಿ ಹೇಗೆ ಹಾಕಿದರೂ ಹೋಗುವ ಟೈಪ್-ಸಿ ಬಂತು. ಆ ಪೀಡೆ ತೊಲಗಿತು, ಹೊಸದೊಂದು ಹುಟ್ಟಿತು. ಈಗ ಎಲ್ಲ ಕೇಬಲ್‌ಗಳೂ ನೋಡಲು ಒಂದೇ. ಒಂದು ಕೇಬಲ್ ಸೆಕೆಂಡಿಗೆ 480 ಮೆಗಾಬಿಟ್ ಮಾಹಿತಿ ಸಾಗಿಸುತ್ತದೆ, ಪಕ್ಕದ್ದು 40 ಗಿಗಾಬಿಟ್. ಎಂಬತ್ತು ಪಟ್ಟಿಗೂ ಮೀರಿದ ಅಂತರ, ಹೊರಗೆ ಗುರುತೇ ಇಲ್ಲದಿರಬಹುದು. ಡ್ರಾಯರ್‌ನಲ್ಲಿ ಬಿದ್ದಿರುವ ಕೇಬಲ್‌ಗಳಲ್ಲಿ ಯಾವುದು ಲ್ಯಾಪ್‌ಟಾಪ್ ಚಾರ್ಜ್ ಮಾಡುತ್ತದೆ, ಯಾವುದು ಮಾನಿಟರ್ ನಡೆಸುತ್ತದೆ ಅಂತ ಹಾಕಿ ನೋಡಿಯೇ ತಿಳಿಯಬೇಕು. ನನ್ನ ಸಲಹೆ ಕೇಳುವುದಾದರೆ, ಒಳ್ಳೆಯ ಕೇಬಲ್ ಕೊಂಡ ದಿನವೇ ಅದಕ್ಕೊಂದು ಬಣ್ಣದ ಟೇಪ್ ಸುತ್ತಿಬಿಡಿ.

ನೀವು ಬರೆಯದ, ಆದರೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟದಾದ ಒಂದು ದೋಷ ಇದೆ. ಯಂತ್ರ ತನ್ನ ಸ್ಥಿತಿಯ ಬಗ್ಗೆ ಸುಳ್ಳು ಹೇಳುವುದು. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ಒತ್ತಡ ಇಳಿಸುವ ವಾಲ್ವ್ ಒಂದು ತೆರೆದು, ಮುಚ್ಚದೆ ಸಿಕ್ಕಿಕೊಂಡಿತು. ಕಂಟ್ರೋಲ್ ರೂಮಿನಲ್ಲಿ ಅದರ ದೀಪ ಆರಿತ್ತು. ದೀಪ ಆರಿದರೆ ವಾಲ್ವ್ ಮುಚ್ಚಿದೆ ಅಂತ ಸಿಬ್ಬಂದಿ ನಂಬಿದರು. ಆದರೆ ಆ ದೀಪ ವಾಲ್ವ್ ನೋಡಿ ಉರಿಯುತ್ತಿರಲಿಲ್ಲ. ಮುಚ್ಚು ಅಂತ ವಾಲ್ವ್‌ಗೆ ಆಜ್ಞೆ ಹೋಗಿದೆ ಅನ್ನುವುದನ್ನಷ್ಟೇ ತೋರಿಸುತ್ತಿತ್ತು. ಆಜ್ಞೆ ಹೋಗಿತ್ತು, ಕೆಲಸ ಆಗಿರಲಿಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ತಂಪುಗೊಳಿಸುವ ನೀರು ಹೊರಗೆ ಹರಿಯಿತು. ಅಣು ಇಂಧನದ ದೊಡ್ಡ ಭಾಗ ಕರಗಿತು.

ನಿಮ್ಮ ಫೋನಿನಲ್ಲೂ ಈ ದೀಪದ ಮರಿಗಳು ಬೇಕಾದಷ್ಟಿವೆ. ‘ನಿಮ್ಮ ಅರ್ಜಿ ಯಶಸ್ವಿಯಾಗಿ ಸಲ್ಲಿಕೆಯಾಗಿದೆ’ ಅನ್ನುತ್ತದೆ ಪರದೆ. ಸರ್ವರ್‌ಗೆ ಕಳಿಸಿದ್ದೇನೆ ಅಂತಷ್ಟೇ ಅದರ ಅರ್ಥ. ಅಲ್ಲಿ ಯಾರಾದರೂ ತೆಗೆದುಕೊಂಡರೋ ಇಲ್ಲವೋ ಅದಕ್ಕೇ ಗೊತ್ತಿಲ್ಲ. ಬ್ಯಾಕಪ್ ‘ಆನ್’ ಇರುತ್ತದೆ, ತಿಂಗಳಿಂದ ಒಂದು ಫೋಟೋವೂ ಮೇಲೆ ಹೋಗಿರುವುದಿಲ್ಲ. ಪ್ರಿಂಟರ್ ‘ಸಿದ್ಧ’ ಅನ್ನುತ್ತದೆ, ಕಾಗದ ಹೊರಗೆ ಬರುವುದಿಲ್ಲ. ಇದಕ್ಕೆ ಬಳಕೆದಾರರ ಹತ್ತಿರ ಇರುವ ಮದ್ದು ಒಂದೇ. ಮುಖ್ಯವಾದ ಕೆಲಸವಾದರೆ ಪರದೆಯ ಮಾತು ನಂಬಬೇಡಿ, ಇನ್ನೊಂದು ದಾರಿಯಿಂದ ಖಚಿತ ಮಾಡಿಕೊಳ್ಳಿ. ಬ್ಯಾಕಪ್ ಆಗಿದೆಯಾ ಅಂತ ನೋಡಲು ಬೇರೆ ಕಂಪ್ಯೂಟರ್‌ನಿಂದ ಲಾಗಿನ್ ಆಗಿ ಒಂದು ಫೋಟೋ ತೆರೆಯಿರಿ.

ಟಚ್‌ಸ್ಕ್ರೀನ್ ಬಗ್ಗೆ ಜಾಸ್ತಿ ಹೇಳಲು ಹೋಗುವುದಿಲ್ಲ, ಹೇಳಿದರೆ ನಿಲ್ಲಿಸುವುದಿಲ್ಲ. ಕಾರಿನಲ್ಲಿ ನಾಬ್‌ಗಳಿಗಿಂತ ಒಂದು ದೊಡ್ಡ ಪರದೆ ಶೋರೂಮಿನಲ್ಲಿ ಥಳಥಳಿಸುತ್ತದೆ. ಕಂಪನಿಗೆ ಬಿಡಿಭಾಗ ಕಡಿಮೆ, ತಪ್ಪಿದ್ದರೆ ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸರಿಪಡಿಸಿದರಾಯಿತು ಎಂಬ ಧೈರ್ಯ. ಆದರೆ ನಾಬ್ ಅನ್ನು ರಸ್ತೆಯಿಂದ ಕಣ್ಣು ತೆಗೆಯದೆ ತಡವಿ ಹಿಡಿಯಬಹುದು, ಪರದೆಯ ಮೇಲಿನ ಬಟನ್ ಹಿಡಿಯಲಾಗದು. 2017ರ ಆಗಸ್ಟ್‌ನಲ್ಲಿ ಸಿಂಗಪುರದ ಹತ್ತಿರ ಅಮೆರಿಕ ನೌಕಾಪಡೆಯ ‘ಜಾನ್ ಎಸ್. ಮೆಕೇನ್’ ಹಡಗು ಟ್ಯಾಂಕರ್ ಒಂದಕ್ಕೆ ಡಿಕ್ಕಿ ಹೊಡೆದು 10 ಮಂದಿ ನಾವಿಕರು ಸತ್ತರು. ವೇಗ ಮತ್ತು ಚುಕ್ಕಾಣಿಯ ಟಚ್‌ಸ್ಕ್ರೀನ್ ವ್ಯವಸ್ಥೆಯ ಗೊಂದಲವೂ, ಅದರ ಮೇಲೆ ತರಬೇತಿ ಸಾಲದೆ ಹೋದದ್ದೂ ಕಾರಣಗಳ ಪಟ್ಟಿಯಲ್ಲಿದ್ದವು. ವೇಗ ನಿಯಂತ್ರಿಸಲು ಮತ್ತೆ ಕೈಯಲ್ಲಿ ಹಿಡಿಯುವ ಲಿವರ್‌ಗಳನ್ನೇ ಹಾಕುತ್ತೇವೆ ಅಂತ ನೌಕಾಪಡೆ 2019ರಲ್ಲಿ ಹೇಳಿತು. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್, ಅಪಾಯದ ದೀಪಗಳಂಥ ಮುಖ್ಯ ಕೆಲಸಗಳಿಗೆ ಮುಟ್ಟಿ ತಿಳಿಯುವ ಬಟನ್ ಇರಬೇಕು, ಇಲ್ಲದಿದ್ದರೆ ಅಂಕ ಕಳೆಯುತ್ತೇವೆ ಅನ್ನುತ್ತಿದೆ. ಅಂಕ ಕಳೆದರೆ ಮಾರಾಟಕ್ಕೆ ಪೆಟ್ಟು. ಬಳಸುವಾಗಿನ ಕಷ್ಟಕ್ಕೆ ಕೊಳ್ಳುವಾಗಲೇ ಬೆಲೆ ತೆರುವಂತೆ ಮಾಡುವ ಉಪಾಯ ಇದು. ನಡೆಯುವುದು ಇಂಥದ್ದೇ.

ಇನ್ನು ಬೇಕಂತಲೇ ಮಾಡುತ್ತಾರಾ ಎಂಬ ಪ್ರಶ್ನೆ. ಒಲೆಯಲ್ಲಿ, ಬಾಗಿಲಲ್ಲಿ ಇಲ್ಲ. ನಿಮ್ಮ ಚಂದಾದ ವಿಷಯದಲ್ಲಿ, ಹೆಚ್ಚುಕಡಿಮೆ ಹೌದು. ಗುರುತಿಸುವುದು ಸುಲಭ. ಒಳಗೆ ಹೋಗುವ ದಾರಿಯನ್ನೂ ಹೊರಗೆ ಬರುವ ದಾರಿಯನ್ನೂ ಹೋಲಿಸಿ. ಎರಡೂ ಒಂದೇ ಮಟ್ಟಕ್ಕೆ ಕೆಟ್ಟದಾಗಿದ್ದರೆ ಅದು ಅವರ ಕೈಲಾಗದ್ದು. ಸೇರುವಾಗ ಒಂದು ಬಟನ್, ಬಿಡುವಾಗ ಆರು ಪುಟ, ಮೂರು ‘ಖಂಡಿತವಾ?’, ಕೆಲಸದ ವೇಳೆಯಲ್ಲಷ್ಟೇ ಎತ್ತುವ ಒಂದು ಫೋನ್ ನಂಬರ್ ಇದ್ದರೆ ಅದು ಕೈಲಾಗದ್ದಲ್ಲ. ಸೇರುವ ಬಟನ್ ಅಷ್ಟು ಚೆನ್ನಾಗಿ ಮಾಡಿದವರಿಗೆ ಬಿಡುವ ಬಟನ್ ಮಾಡಲು ಬರುವುದಿಲ್ಲ ಅಂದರೆ ನಂಬಲಾಗದು.

ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇಂಥ ತಂತ್ರಗಳಿಗೆ ‘ಡಾರ್ಕ್ ಪ್ಯಾಟರ್ನ್’ ಅಂತ ಹೆಸರಿಟ್ಟರು. ಹೆಸರು ಬಂದ ಮೇಲೆ ಕಾನೂನೂ ನಿಧಾನವಾಗಿ ಹಿಂಬಾಲಿಸಿತು. ಜರ್ಮನಿಯಲ್ಲಿ 2022ರ ಜುಲೈ 1ರಿಂದ ಆನ್‌ಲೈನಿನಲ್ಲಿ ಚಂದಾ ಮಾರುವವರು ರದ್ದು ಮಾಡುವ ಬಟನ್ ಅನ್ನೂ ಎದ್ದು ಕಾಣುವಂತೆ ಇಡಲೇಬೇಕು. ಭಾರತವೂ 2023ರ ನವೆಂಬರಿನಲ್ಲಿ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಚಂದಾ ರದ್ದು ಮಾಡಲು ಬಿಡದೆ ಸಿಕ್ಕಿಸುವುದೂ ಅದರಲ್ಲಿದೆ. ಅಮೆರಿಕದಲ್ಲಿ ವ್ಯಾಪಾರದ ಮೇಲೆ ಕಣ್ಣಿಡುವ ಸಂಸ್ಥೆ 2023ರಲ್ಲಿ ಅಮೆಜಾನ್ ಮೇಲೆ ಇದೇ ವಿಷಯಕ್ಕೆ ಕೋರ್ಟಿಗೆ ಹೋಯಿತು. ಪ್ರೈಮ್ ಸದಸ್ಯತ್ವ ರದ್ದು ಮಾಡುವ ಪುಟಗಳ ಸರಣಿಗೆ ಕಂಪನಿಯ ಒಳಗೆ ‘ಇಲಿಯಡ್’ ಅಂತ ಹೆಸರಿತ್ತು ಎಂದು ದೂರಿನಲ್ಲಿ ಬರೆದಿದ್ದರು. ಮುಗಿಯದ ಯುದ್ಧವೊಂದರ ಆ ಉದ್ದನೆಯ ಗ್ರೀಕ್ ಕಾವ್ಯದ ಹೆಸರು! 2025ರ ಸೆಪ್ಟೆಂಬರಿನಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆಯೇ 250 ಕೋಟಿ ಡಾಲರ್ ಕಟ್ಟಲು ಒಪ್ಪಿ ಪ್ರಕರಣ ಮುಗಿಸಿಕೊಂಡಿತು.

ಬೇಕಂತಲೇ ಮಾಡಿದರೂ ಗುರಿ ನೀವಲ್ಲದ ಒಂದು ಜಾತಿಯೂ ಇದೆ. ಕತ್ತರಿ ಕೊಂಡರೆ ಅದರ ಪ್ಲಾಸ್ಟಿಕ್ ಕವಚ ಬಿಚ್ಚಲು ಇನ್ನೊಂದು ಕತ್ತರಿ ಬೇಕು. ಆ ಗಟ್ಟಿ ಕವಚ ಇರುವುದು ಅಂಗಡಿಯಲ್ಲಿ ಯಾರೂ ಬಿಚ್ಚಿ ಜೇಬಿಗೆ ಹಾಕಿಕೊಳ್ಳದಿರಲಿ ಅಂತ, ಜೊತೆಗೆ ವಸ್ತು ಹೊರಗೆ ಕಾಣಲಿ ಅಂತ. ಕಳ್ಳನಿಗೆ ಮಾಡಿದ್ದು, ಕೊಂಡವರ ಬೆರಳು ಕೊಯ್ಯುತ್ತದೆ. ಆನ್‌ಲೈನ್ ಮಾರಾಟದಲ್ಲಿ ಕಪಾಟೂ ಇಲ್ಲ, ಕಳ್ಳನೂ ಇಲ್ಲ. ಹಾಗಾಗಿ ಅದೇ ಅಮೆಜಾನ್ 2008ರಲ್ಲಿ ಸಲೀಸಾಗಿ ತೆರೆಯುವ ಪ್ಯಾಕಿಂಗ್ ಶುರು ಮಾಡಿತು. ಒಂದೇ ಕಂಪನಿ ಒಂದು ಕಡೆ ಬಳಕೆದಾರರ ಪರ, ಇನ್ನೊಂದು ಕಡೆ ವಿರುದ್ಧ. ಕಂಪನಿಗಳಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ವಿಂಗಡಿಸಲು ಹೊರಟರೆ ಹೀಗೇ ತಲೆ ಕೆಡುತ್ತದೆ. ಲಾಭ ಯಾವ ಕಡೆಗಿದೆ ಅಂತ ನೋಡಿದರೆ ಎರಡೂ ಅರ್ಥವಾಗುತ್ತವೆ.

ಇಷ್ಟೆಲ್ಲ ಬೈದ ಮೇಲೆ, ಸರಿಪಡಿಸಲು ಎಷ್ಟು ಕಡಿಮೆ ಸಾಕು ಅನ್ನುವುದನ್ನೂ ಹೇಳಬೇಕು. ಮೊದಮೊದಲ ಎಟಿಎಂಗಳು ದುಡ್ಡು ಕೊಟ್ಟ ಮೇಲೆ ಕಾರ್ಡ್ ಹೊರಗೆ ತಳ್ಳುತ್ತಿದ್ದವು. ಜನ ದುಡ್ಡು ತೆಗೆದುಕೊಂಡು ಕಾರ್ಡ್ ಮರೆತು ಹೋಗುತ್ತಿದ್ದರು. ಬಂದ ಕೆಲಸ ಮುಗಿದ ಕೂಡಲೇ ಮನಸ್ಸು ಅಲ್ಲಿಂದ ಎದ್ದುಬಿಡುತ್ತದೆ. ‘ಕಾರ್ಡ್ ಮರೆಯಬೇಡಿ’ ಅಂತ ಬೋರ್ಡ್ ಹಾಕಿದರೆ ಪ್ರಯೋಜನವಿಲ್ಲ. ಮೊದಲು ಕಾರ್ಡ್ ತೆಗೆದುಕೊಳ್ಳಿ, ಆಮೇಲೆ ದುಡ್ಡು ಅಂತ ಕ್ರಮ ಬದಲಿಸಿದರು. ದುಡ್ಡನ್ನು ಯಾರೂ ಮರೆಯುವುದಿಲ್ಲವಲ್ಲ! ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಪೆಟ್ರೋಲ್ ಗುರುತಿನ ಪಕ್ಕ ಪುಟ್ಟ ಬಾಣವೊಂದು ಇರುತ್ತದೆ, ಟ್ಯಾಂಕಿನ ಮುಚ್ಚಳ ಯಾವ ಬದಿಗಿದೆ ಅಂತ ಹೇಳಲು. ಅದನ್ನು 1986ರಲ್ಲಿ ಸೂಚಿಸಿದವರು ಫೋರ್ಡ್ ಕಂಪನಿಯ ಉದ್ಯೋಗಿ ಜಿಮ್ ಮೊಯ್ಲನ್. ಕಂಪನಿಯ ಕಾರಿಗೆ ಇಂಧನ ತುಂಬಿಸಲು ಹೋಗಿ, ತಪ್ಪು ಬದಿಗೆ ನಿಲ್ಲಿಸಿ, ಮಳೆಯಲ್ಲಿ ತೊಯ್ದು ಬಂದು ಒಂದು ಟಿಪ್ಪಣಿ ಬರೆದರು. ಇವತ್ತು ಪ್ರಪಂಚದ ಬಹುಪಾಲು ಕಾರುಗಳಲ್ಲಿ ಆ ಬಾಣ ಇದೆ. ಮಾಡುವವರೇ ತೊಯ್ದರೆ ಕೆಲಸ ಬೇಗ ಆಗುತ್ತದೆ.

ಕೊನೆಯ ಪ್ರಶ್ನೆ, ಕೊಳ್ಳುವಾಗ ಏನು ನೋಡಬೇಕು. ಅಂಗಡಿಯವರು ತೋರಿಸುವುದು ಮೊದಲ ಸಲದ ಬಳಕೆ. ನೀವು ನೂರನೇ ಸಲದ್ದನ್ನು ಕೇಳಿ. ವಾಷಿಂಗ್ ಮೆಷಿನ್ ಆದರೆ ಫಿಲ್ಟರ್ ಎಲ್ಲಿದೆ, ಅದನ್ನು ತೆಗೆಯಲು ನೆಲಕ್ಕೆ ಮಲಗಬೇಕಾ ಅಂತ ನೋಡಿ. ಮಿಕ್ಸಿ ಆದರೆ ತೊಳೆಯಲು ಬ್ಲೇಡಿನ ಅಡಿಗೆ ಬೆರಳು ಹೋಗುತ್ತದಾ. ಮೈಕ್ರೊವೇವ್ ಆದರೆ ಗಡಿಯಾರದ ಸಮಯ ಬದಲಿಸಿ ತೋರಿಸಿ ಅನ್ನಿ. ಮಾರುವವರಿಗೇ ಆಗದಿದ್ದರೆ ನಿಮಗೆ ವರ್ಷಪೂರ್ತಿ 12:00 ಮಿನುಗುತ್ತಿರುತ್ತದೆ. ಒಲೆಯ ಮುಂದೆ ನಿಂತು, ನಾಬ್‌ನ ಪಕ್ಕದ ಚಿತ್ರಗಳನ್ನು ಕೈಯಿಂದ ಮುಚ್ಚಿ, ಯಾವುದು ಯಾವುದಕ್ಕೆ ಅಂತ ಊಹಿಸಿ. ರಿಮೋಟ್ ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿ ಧ್ವನಿ ಕಡಿಮೆ ಮಾಡುವ ಬಟನ್ ಹುಡುಕಿ. ಅಂಗಡಿಯಲ್ಲಿ ನಾಲ್ಕು ಜನ ವಿಚಿತ್ರವಾಗಿ ನೋಡಿದರೆ ನೋಡಲಿ. ಚಂದಾ ಕಟ್ಟುವ ಮೊದಲು ಆ ಸೇವೆಯ ಹೆಸರಿನ ಜೊತೆ ‘ರದ್ದು ಮಾಡುವುದು ಹೇಗೆ’ ಅಂತ ಹುಡುಕಿ. ಅದರ ಮೇಲೆ ಉದ್ದುದ್ದ ಲೇಖನಗಳು ಸಿಕ್ಕರೆ ಅಲ್ಲೇ ಉತ್ತರ ಇದೆ. ಬಳಕೆದಾರರ ಅಭಿಪ್ರಾಯ ಓದುವಾಗ ಐದು ನಕ್ಷತ್ರದ್ದನ್ನೂ ಒಂದು ನಕ್ಷತ್ರದ್ದನ್ನೂ ಬಿಡಿ. ಮೂರು ನಕ್ಷತ್ರ ಕೊಟ್ಟು, ಆರು ತಿಂಗಳಾದ ಮೇಲೆ ಬರೆದವರನ್ನು ಹುಡುಕಿ ಓದಿ.

ಈಗಾಗಲೇ ಮನೆಯಲ್ಲಿರುವುದಕ್ಕೆ ಬಣ್ಣದ ಸ್ಟಿಕ್ಕರ್, ಉಗುರಿಗೆ ಹಚ್ಚುವ ಬಣ್ಣ, ಮಾರ್ಕರ್ ಪೆನ್ ಸಾಕು. ಒಲೆಯ ಹಿಂದಿನ ಬರ್ನರ್‌ಗಳ ನಾಬ್‌ಗಳಿಗೆ ಮಾತ್ರ ಒಂದೊಂದು ಚುಕ್ಕೆ ಇಡಿ, ಅರ್ಧ ಗೊಂದಲ ಹೋಗುತ್ತದೆ. ಎಲ್ಲದಕ್ಕೂ ಇಟ್ಟರೆ ಮತ್ತೆ ಹಳೆಯ ಪಾಡು.

ಕಂಪನಿಗೆ ದೂರು ಬರೆಯಿರಿ, ಆದರೆ ‘ನಿಮ್ಮ ವಸ್ತು ದರಿದ್ರವಾಗಿದೆ’ ಅಂತ ಬರೆದರೆ ಅದು ಯಾವ ಎಂಜಿನಿಯರ್ ಮೇಜಿಗೂ ಹೋಗುವುದಿಲ್ಲ. ನಾನು ಏನು ಮಾಡಲು ಹೊರಟಿದ್ದೆ, ಮೊದಲು ಯಾವುದನ್ನು ಒತ್ತಿದೆ, ಏನಾಗುತ್ತದೆ ಅಂದುಕೊಂಡಿದ್ದೆ, ಏನಾಯಿತು ಅಂತ ನಾಲ್ಕು ಸಾಲು ಬರೆಯಿರಿ. ಮಾಡೆಲ್ ನಂಬರ್ ಹಾಕಿ. ವಸ್ತು ವಾಪಸ್ ಕೊಡುವ ಅವಕಾಶ ಇದ್ದರೆ ಕೊಡಿ. ಕಾರಣದ ಜಾಗದಲ್ಲಿ ‘ಇಷ್ಟವಾಗಲಿಲ್ಲ’ ಅಂತ ಬಿಡದೆ ‘ಬಳಸಲು ಕಷ್ಟ’ ಅಂತ ಬರೆಯಿರಿ. ಚಂದಾದ ವಿಷಯದಲ್ಲಿ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದುಡ್ಡು ಮತ್ತೆ ಕಡಿತವಾದರೆ ಬ್ಯಾಂಕಿಗೂ ಗ್ರಾಹಕರ ವೇದಿಕೆಗೂ ತೋರಿಸಲು ಅವೇ ಬೇಕಾಗುತ್ತವೆ.